ಎಂಟೇ ಸಂಚಿಕೆಯ ಒಂದು ಕೊಲೆ ಕಥೆ ಮಾಡಿ: ಕನ್ನಡ ವಾಹಿನಿಗಳಿಗೊಂದು ಬಹಿರಂಗ ಪತ್ರ

ಕನ್ನಡ ಮನರಂಜನಾ ವಾಹಿನಿಗಳ ಮುಖ್ಯಸ್ಥರಿಗೆ, ಧಾರಾವಾಹಿ ನಿರ್ಮಾಪಕರಿಗೆ, ಬರಹಗಾರರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಒಬ್ಬ ವೀಕ್ಷಕಿ. ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತೇನೆ. ಹಗಲೆಲ್ಲ ಚಾರ್ಜ್‌ಶೀಟು, ಮಹಜರು, ಸಾಕ್ಷಿ ಹೇಳಿಕೆ. ರಾತ್ರಿ ಮನೆಯಲ್ಲಿ ಅತ್ತೆಯವರ ಜೊತೆ ಕೂತು ನಿಮ್ಮ ಧಾರಾವಾಹಿ. ನಿಮ್ಮ ಕಥೆಗಳಲ್ಲೂ ಕೊಲೆ ನಡೆಯುತ್ತದೆ, ಪೊಲೀಸರು ಬರುತ್ತಾರೆ. ಆದರೆ ಒಂದು ಸಾವು ಒಂದು ಮನೆಯನ್ನು, ಒಂದು ಬೀದಿಯನ್ನು ಏನು ಮಾಡುತ್ತದೆ ಅನ್ನುವುದು ಅಲ್ಲಿ ಕಾಣಿಸುವುದೇ ಇಲ್ಲ. ಅದಕ್ಕೇ ಈ ಪತ್ರ. ಕನ್ನಡದಲ್ಲಿ ಒಂದು ಒಳ್ಳೆಯ ಕೊಲೆ ರಹಸ್ಯದ ಸರಣಿ ಮಾಡಿ. ಎಂಟು ಸಂಚಿಕೆ ಸಾಕು. ಕೊನೆಯ ಸಂಚಿಕೆಯನ್ನು ಮೊದಲೇ ಬರೆದಿಟ್ಟುಕೊಂಡು ಶುರು ಮಾಡಿ. ಕಥೆ ಮುಗಿದಾಗ ನಿಲ್ಲಿಸಿಬಿಡಿ.

ಸುಮ್ನೆ ಮಾಡಿ ಅಂದರೆ ಸಾಲದು, ಉದಾಹರಣೆ ಬೇಕಲ್ವಾ? ನಾನು 'ಬ್ರಾಡ್‌ಚರ್ಚ್' ಎನ್ನುವ ಇಂಗ್ಲಿಷ್ ಸರಣಿಯನ್ನು ಆರಿಸಿಕೊಂಡಿದ್ದೇನೆ. ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 2013ರ ಮಾರ್ಚ್‌ನಲ್ಲಿ ಶುರುವಾಗಿದ್ದು. ಒಟ್ಟು ಮೂರು ಸೀಸನ್, ಪ್ರತಿ ಸೀಸನ್ನಿಗೆ ಎಂಟು ಸಂಚಿಕೆ, 2017ಕ್ಕೆ ಮುಕ್ತಾಯ. ಬರೆದವರು ಕ್ರಿಸ್ ಚಿಬ್ನಲ್. ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಇಂಥ ಕಥೆಯನ್ನು ಹೇಗೆ ಮಾಡಬೇಕು ಅನ್ನುವುದಕ್ಕೆ ಅದರ ಮೊದಲ ಸೀಸನ್ ಪಾಠ. ಹೇಗೆ ಮಾಡಬಾರದು ಅನ್ನುವುದಕ್ಕೆ ಎರಡನೇ ಸೀಸನ್ ಪಾಠ. ಕೊಲೆಗಾರ ಯಾರು ಅಂತ ಹೇಳದೆ ಅದರ ಗುಣ ದೋಷ ಮಾತಾಡೋಕೆ ಆಗುವುದಿಲ್ಲ. ನೋಡಬೇಕು ಅಂದುಕೊಂಡಿರುವವರು ದಯವಿಟ್ಟು ಮೊದಲ ಸೀಸನ್ ನೋಡಿ ಬಂದು ಮುಂದೆ ಓದಿ.

ಕಥೆ ನಡೆಯುವುದು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಸಮುದ್ರ ದಂಡೆಯ ಒಂದು ಸಣ್ಣ ಊರಿನಲ್ಲಿ. ಊರು ಕಾಲ್ಪನಿಕ, ಆದರೆ ಬೀಚಿನ ಹಿಂದೆ ಎದ್ದು ನಿಂತಿರುವ ಆ ಹಳದಿ ಬಂಡೆಗೋಡೆ ನಿಜದ್ದು, ವೆಸ್ಟ್ ಬೇ ಎನ್ನುವ ಕಡೆ ಇದೆ. ಅದರ ಬುಡದಲ್ಲಿ 11 ವರ್ಷದ ಹುಡುಗ ಡ್ಯಾನಿ ಲ್ಯಾಟಿಮರ್ ಹೆಣವಾಗಿ ಸಿಗುತ್ತಾನೆ. ತನಿಖೆ ಮಾಡುವವರು ಇಬ್ಬರು. ಹೊರಗಿನಿಂದ ಬಂದ, ಹಳೆಯ ಕೇಸೊಂದರಲ್ಲಿ ಹೆಸರು ಕೆಡಿಸಿಕೊಂಡ ಅಧಿಕಾರಿ ಹಾರ್ಡಿ. ಇದೇ ಊರಿನಲ್ಲಿ ಸಂಸಾರ ಮಾಡಿಕೊಂಡಿರುವ ಮಿಲ್ಲರ್. ಹಾರ್ಡಿಯಾಗಿ ಡೇವಿಡ್ ಟೆನೆಂಟ್, ಮಿಲ್ಲರ್ ಆಗಿ ಒಲಿವಿಯಾ ಕೋಲ್ಮನ್. ರಜೆ ಮುಗಿಸಿ ಬಂದ ದಿನವೇ ಮಿಲ್ಲರ್‌ಗೆ ತನಗೆ ಸಿಗಬೇಕಿದ್ದ ಹುದ್ದೆಗೆ ಹಾರ್ಡಿ ಬಂದು ಕೂತಿರುವುದು ಗೊತ್ತಾಗುತ್ತದೆ. ಸತ್ತ ಹುಡುಗ ಅವಳ ಮಗನ ಜೀವದ ಗೆಳೆಯ.

ಮೊದಲ ಸಂಚಿಕೆಯ ಶುರುವಿನಲ್ಲಿ ಡ್ಯಾನಿಯ ಅಪ್ಪ ಬೆಳಗ್ಗೆ ಮನೆ ಬಿಟ್ಟು ಊರಿನ ಮುಖ್ಯ ಬೀದಿಯಲ್ಲಿ ನಡೆದು ಹೋಗುವ ದೃಶ್ಯವಿದೆ. ಕ್ಯಾಮೆರಾ ಕಟ್ ಆಗದೆ ಅವನ ಜೊತೆಯೇ ಸಾಗುತ್ತದೆ. ಸಿಕ್ಕವರಿಗೆಲ್ಲ ಒಂದೊಂದು ಮಾತು, ಒಂದೊಂದು ನಗು. ನೋಡುವಾಗ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆದರೆ ಮುಂದೆ ನಾವು ಒಬ್ಬೊಬ್ಬರಾಗಿ ಅನುಮಾನ ಪಡುವ ಎಷ್ಟೋ ಮುಖಗಳು ಆ ಒಂದೇ ನಡಿಗೆಯಲ್ಲಿ ಬಂದು ಹೋಗಿರುತ್ತವೆ. ಇವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು, ಇವರಲ್ಲೇ ಒಬ್ಬರು ಈ ಕೆಲಸ ಮಾಡಿದ್ದಾರೆ ಅನ್ನುವ ಭಯ ಆಮೇಲೆ ಮೆಲ್ಲಗೆ ಹತ್ತುತ್ತದೆ. ವಿವರಣೆಯ ಒಂದು ಡೈಲಾಗೂ ಇಲ್ಲದೆ ಇದನ್ನು ಸಾಧಿಸಿದ್ದಾರೆ.

ಸ್ವಲ್ಪ ಹೊತ್ತಿಗೆ ತಾಯಿ ಬೆತ್‌ಳ ದೃಶ್ಯ. ಮಗ ಸ್ಕೂಲಿಗೇ ಬಂದಿಲ್ಲ ಅಂತ ಗೊತ್ತಾಗಿದೆ. ರಸ್ತೆಯಲ್ಲಿ ಟ್ರಾಫಿಕ್ ನಿಂತಿದೆ. ಬೀಚಿನಲ್ಲಿ ಹೆಣ ಸಿಕ್ಕಿದೆಯಂತೆ ಅನ್ನುವ ಮಾತು ಕಿವಿಗೆ ಬೀಳುತ್ತದೆ. ಕಾರನ್ನು ಅಲ್ಲೇ ಬಿಟ್ಟು ಓಡುತ್ತಾಳೆ. ಪೊಲೀಸರು ತಡೆಯುವಷ್ಟರಲ್ಲಿ ಹೊದಿಕೆಯ ಕೆಳಗಿನಿಂದ ಕಾಣುವ ಶೂ ನೋಡಿಬಿಡುತ್ತಾಳೆ. ಮಗನ ಮುಖ ತೋರಿಸುವುದಿಲ್ಲ, ರಕ್ತ ತೋರಿಸುವುದಿಲ್ಲ. ಎರಡು ಶೂ ಅಷ್ಟೇ. ನಮ್ಮ ಧಾರಾವಾಹಿಯಲ್ಲಿ ಇದೇ ಜಾಗಕ್ಕೆ ಬಂದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಮೂರು ಸಲ ಮುಖಕ್ಕೆ ಝೂಮ್, ಗುಡುಗಿನ ಸದ್ದು, ಮನೆಯವರೆಲ್ಲರ ಕ್ಲೋಸಪ್, ಬ್ರೇಕ್. ನಟಿಗೆ ಅಳುವುದಕ್ಕೂ ಸಮಯ ಸಿಗುವುದಿಲ್ಲ. ನಮ್ಮ ನಟಿಯರಿಗೆ ಸಾಮರ್ಥ್ಯ ಕಡಿಮೆ ಇಲ್ಲ. ಅವರಿಗೆ ಬೇಕಾಗಿರುವುದು ಆ ಎರಡು ನಿಮಿಷ.

ಇನ್ನು ಜ್ಯಾಕ್ ಮಾರ್ಷಲ್. ಈ ಸರಣಿಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇವನ ಕಥೆ. ಪೇಪರ್ ಅಂಗಡಿ ಇಟ್ಟುಕೊಂಡ ಒಂಟಿ ಮುದುಕ. ಊರಿನ ಹುಡುಗರಿಗೆ ಸಮುದ್ರದ ತರಬೇತಿ ಕೊಡುತ್ತಿರುತ್ತಾನೆ. ಅವನ ಹಳೆಯ ಶಿಕ್ಷೆಯೊಂದು ಪತ್ರಕರ್ತರ ಕೈಗೆ ಸಿಗುತ್ತದೆ. ಅದರ ಹಿಂದಿನ ಪೂರ್ತಿ ವಿಷಯ ಬೇರೆಯೇ ಇರುತ್ತದೆ, ಆದರೆ ಅದನ್ನು ಕೇಳುವ ತಾಳ್ಮೆ ಯಾರಿಗೂ ಇಲ್ಲ. ಪೇಪರಿನಲ್ಲಿ ಫೋಟೊ ಬರುತ್ತದೆ, ಜನ ಗುಂಪು ಕಟ್ಟಿಕೊಂಡು ಬರುತ್ತಾರೆ. ಒಂದು ಬೆಳಗ್ಗೆ ಅವನೂ ಅದೇ ಬೀಚಿನಲ್ಲಿ ಹೆಣವಾಗಿ ಸಿಗುತ್ತಾನೆ. ಆತ್ಮಹತ್ಯೆ. ಅವನು ಏನೂ ಮಾಡಿರಲಿಲ್ಲ. ಆ ಪಾತ್ರ ಮಾಡಿದ ಡೇವಿಡ್ ಬ್ರಾಡ್ಲಿಗೆ 2014ರಲ್ಲಿ ಬ್ರಿಟನ್ನಿನ ಬಾಫ್ಟಾ ಟಿವಿ ಪ್ರಶಸ್ತಿಗಳಲ್ಲಿ ಪೋಷಕ ನಟ ಪ್ರಶಸ್ತಿ ಬಂತು. ಅದೇ ವರ್ಷ ಕೋಲ್ಮನ್‌ಗೆ ನಟಿ ಪ್ರಶಸ್ತಿ, ಸರಣಿಗೂ ಪ್ರಶಸ್ತಿ.

ಸಾಮಾನ್ಯವಾಗಿ ಕೊಲೆ ರಹಸ್ಯದಲ್ಲಿ ಸುಳ್ಳು ಜಾಡು ಅನ್ನುವುದು ನೋಡುಗರ ದಾರಿ ತಪ್ಪಿಸುವುದಕ್ಕೆ ಇರುತ್ತದೆ. ಮುಂದಿನ ವಾರ ಅದನ್ನು ಮರೆತುಬಿಡುತ್ತಾರೆ. ಇಲ್ಲಿ ಆ ಸುಳ್ಳು ಜಾಡೇ ಒಂದು ಜೀವ ತೆಗೆಯುತ್ತದೆ. ನಾವೂ ಹಿಂದಿನ ಸಂಚಿಕೆಯಲ್ಲಿ 'ಇವನೇ ಇರಬೇಕು' ಅಂತ ಬೆರಳು ತೋರಿಸಿದವರೇ ಅಲ್ವಾ? ಇದು ನಮ್ಮ ದೇಶಕ್ಕೆ ಹೊಸ ವಿಷಯವೂ ಅಲ್ಲ. 2008ರಲ್ಲಿ ನೋಯ್ಡಾದಲ್ಲಿ 13 ವರ್ಷದ ಹುಡುಗಿಯ ಕೊಲೆಯಾದಾಗ ಟಿವಿ ಸ್ಟುಡಿಯೋಗಳಲ್ಲೇ ವಿಚಾರಣೆ ನಡೆದುಹೋಯಿತು. ತಂದೆ ತಾಯಿಯನ್ನು ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿದ್ದು 2017ರಲ್ಲಿ. ಈಗ ಅಪರಾಧಕ್ಕೆ ಬಲಿಯಾದ ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗ ಮಾಡುವಂತಿಲ್ಲ ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. 'ಬ್ರಾಡ್‌ಚರ್ಚ್'ನಲ್ಲಿ ಡ್ಯಾನಿಯ ಹೆಸರನ್ನು ಮೊದಲು ಟ್ವಿಟರ್‌ಗೆ ಹಾಕುವುದು ಒಬ್ಬ ಎಳೆಯ ವರದಿಗಾರ, ಅದೂ ಮಿಲ್ಲರ್‌ಳ ಸ್ವಂತ ಸೋದರಿಯ ಮಗ. ಅಂಥ ಹುಡುಗನ ಕಥೆಯನ್ನು ಇಲ್ಲಿ ಬರೆದರೆ ವಾಟ್ಸ್‌ಆಪ್ ಗ್ರೂಪು ಒಂದೇ ಸಾಕು, ಎಲ್ಲರಿಗೂ ತಮ್ಮದೇ ಬೀದಿ ನೆನಪಾಗುತ್ತದೆ.

ಅಂತ್ಯಕ್ಕೆ ಬರುತ್ತೇನೆ. ತನಿಖೆಯ ನಡುವೆ ಮಿಲ್ಲರ್ ಒಬ್ಬ ಹೆಂಗಸನ್ನು ವಿಚಾರಣೆ ಮಾಡುತ್ತಾಳೆ. ಆ ಹೆಂಗಸಿನ ಗಂಡ ಸ್ವಂತ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಮಾಡಿದವನು. ನಿಮ್ಮದೇ ಮನೆಯಲ್ಲಿ ನಡೆದದ್ದು ನಿಮಗೆ ಗೊತ್ತಾಗದೆ ಇರುವುದು ಹೇಗೆ ಸಾಧ್ಯ ಅಂತ ಮಿಲ್ಲರ್ ಅಸಹ್ಯದಿಂದ ಕೇಳುತ್ತಾಳೆ. ಮುಂದಿನ ಸಂಚಿಕೆಯಲ್ಲಿ ಕೊಲೆಗಾರ ಸಿಗುತ್ತಾನೆ. ಅವನು ಜೋ. ಮಿಲ್ಲರ್‌ಳ ಗಂಡ. ಮನೆಯಲ್ಲಿದ್ದುಕೊಂಡು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸೌಮ್ಯ ಮನುಷ್ಯ. ಅವಳು ಕೇಳಿದ್ದ ಅದೇ ಪ್ರಶ್ನೆಯನ್ನು ಈಗ ಬೆತ್ ಅವಳಿಗೆ ಕೇಳುತ್ತಾಳೆ.

ಈ ಗುಟ್ಟು ಕೊನೆಯ ಐದು ನಿಮಿಷದಲ್ಲಿ ಹೊರಬೀಳುವುದಿಲ್ಲ. ಕೊನೆಯ ಸಂಚಿಕೆಯ ಆರಂಭದಲ್ಲೇ ಹೇಳಿಬಿಡುತ್ತಾರೆ. ಉಳಿದ ಸಮಯವೆಲ್ಲ ಈ ವಿಷಯವನ್ನು ಒಬ್ಬರು ಇನ್ನೊಬ್ಬರಿಗೆ ಹೇಳುವುದರಲ್ಲಿ ಹೋಗುತ್ತದೆ. ಹಾರ್ಡಿ ಮಿಲ್ಲರ್‌ಗೆ ಹೇಳಬೇಕು. ಲ್ಯಾಟಿಮರ್ ಮನೆಯವರಿಗೆ ಹೇಳಬೇಕು. ಮಿಲ್ಲರ್ ತನ್ನ ಮಗನಿಗೆ ಹೇಳಬೇಕು. ಯಾರು ಕೊಂದರು ಅನ್ನುವ ಕುತೂಹಲ ತೀರಿದ ಮೇಲೂ ನಾವು ಎದ್ದು ಹೋಗುವುದಿಲ್ಲ. ಅಷ್ಟು ಹೊತ್ತಿಗೆ ಆ ಜನ ನಮಗೆ ಬೇಕಾದವರಾಗಿರುತ್ತಾರೆ. ಇದು ಸಾಧ್ಯವಾಗಿದ್ದು ಎಲ್ಲಿ ಮುಗಿಸಬೇಕು ಅಂತ ಗೊತ್ತಿಟ್ಟುಕೊಂಡು ಕಥೆ ಹೆಣೆದದ್ದರಿಂದ. ಬಹುಪಾಲು ನಟರಿಗೆ ಕೊಲೆಗಾರ ಯಾರೆಂದು ಚಿತ್ರೀಕರಣ ಸಾಕಷ್ಟು ಮುಂದೆ ಹೋಗುವವರೆಗೂ ಹೇಳಿರಲಿಲ್ಲ. ನಟರಿಗೆ ಗೊತ್ತಿಲ್ಲದಿದ್ದರೆ ತೊಂದರೆ ಇಲ್ಲ. ಬರೆಯುವವರಿಗೇ ಗೊತ್ತಿಲ್ಲದೆ, ಗುರುವಾರದ ಟಿಆರ್‌ಪಿ ನೋಡಿ ಮುಂದಿನ ವಾರದ ಟ್ರ್ಯಾಕ್ ಬದಲಿಸಿದರೆ ಮಾತ್ರ ಕೊಲೆ ಕಥೆ ಉಳಿಯುವುದಿಲ್ಲ. ಸಂಸಾರದ ಕಥೆಯನ್ನು ಎಳೆಯಬಹುದು. ಇದನ್ನು ಎಳೆಯೋಕೆ ಆಗಲ್ಲ, ಹಿಂದೆ ಬಿಟ್ಟ ಒಂದೊಂದು ಸುಳಿವಿಗೂ ಲೆಕ್ಕ ಒಪ್ಪಿಸಬೇಕು.

ಹಾಗಂತ ಮೊದಲ ಸೀಸನ್ನಿನಲ್ಲೂ ದೋಷ ಇಲ್ಲ ಅನ್ನಲಾರೆ. ಸತ್ತವರು ನನಗೆ ಸಂದೇಶ ಕಳಿಸುತ್ತಾರೆ ಅನ್ನುವ ಟೆಲಿಫೋನ್ ಕೆಲಸದವನೊಬ್ಬ ಬರುತ್ತಾನೆ. ಅವನ ವಿಷಯ ಎಲ್ಲಿಗೂ ಮುಟ್ಟುವುದಿಲ್ಲ. ಸತ್ತ ಹುಡುಗನ ಗೆಳೆಯನ ತಾಯಿಯನ್ನೇ ತನಿಖೆಯಲ್ಲಿ ಇಟ್ಟುಕೊಳ್ಳುವುದು ಕಥೆಗೆ ಬೇಕಿತ್ತು, ಆದರೆ ಯಾವ ಮೇಲಧಿಕಾರಿ ಒಪ್ಪುತ್ತಾನೆ? ಇನ್ನೂ ದೊಡ್ಡ ಕೊರತೆ ಎಂದರೆ, ಕೊನೆಗೆ ಹಾರ್ಡಿಯನ್ನು ಜೋ ಹತ್ತಿರ ಕರೆದೊಯ್ಯುವುದು ಮತ್ತೆ ಆನ್ ಆದ ಡ್ಯಾನಿಯ ಮೊಬೈಲಿನ ಸಿಗ್ನಲ್. ಆನ್ ಮಾಡಿದವನು ಜೋ. ಅಡಗಿ ಅಡಗಿ ಸಾಕಾಗಿ ಅವನೇ ಸಿಕ್ಕಿಬೀಳುತ್ತಾನೆ. ಏಳು ಸಂಚಿಕೆ ತಲೆ ಕೆಡಿಸಿಕೊಂಡು ಸುಳಿವು ಕೂಡಿಸಿದ ನೋಡುಗರಿಗೆ ಇದು ಅನ್ಯಾಯ. ನಮ್ಮ ಲೆಕ್ಕ ಸರಿಯೋ ತಪ್ಪೋ ಅಂತ ತಾಳೆ ನೋಡಲು ಒಂದು ದಾರಿ ಇರಬೇಕಿತ್ತು.

ಎರಡನೇ ಸೀಸನ್ ಬಂದದ್ದು 2015ರಲ್ಲಿ. ಮುಗಿದ ಕಥೆಯನ್ನು ಮತ್ತೆ ತೆರೆದರು. ಜೋ ಕೋರ್ಟಿನಲ್ಲಿ ನಾನು ತಪ್ಪಿತಸ್ಥನಲ್ಲ ಅನ್ನುತ್ತಾನೆ. ಮಿಲ್ಲರ್ ಅವನನ್ನು ಸ್ಟೇಷನ್ನಿನಲ್ಲಿ ಹೊಡೆದಿದ್ದಳು ಅನ್ನುವ ಕಾರಣಕ್ಕೆ ಅವನ ತಪ್ಪೊಪ್ಪಿಗೆ ಬಿದ್ದುಹೋಗುತ್ತದೆ. ಇಲ್ಲಿಯವರೆಗೆ ಚೆನ್ನಾಗಿದೆ. ಪೊಲೀಸರು ಕೈ ಎತ್ತಿದರೆ ಅದರ ಬೆಲೆಯನ್ನು ಸತ್ತ ಮಗುವಿನ ಮನೆಯವರು ತೆರಬೇಕಾಗುತ್ತದೆ ಅನ್ನುವುದು ಗಟ್ಟಿಯಾದ ವಿಷಯ. ಆದರೆ ಅದರ ಪಕ್ಕದಲ್ಲೇ ಹಾರ್ಡಿಯ ಹಳೆಯ ಸ್ಯಾಂಡ್‌ಬ್ರೂಕ್ ಕೇಸನ್ನು ತಂದು ಕೂರಿಸಿದರು. ಎರಡು ಕಥೆ ಒಂದನ್ನೊಂದು ನುಂಗಿಹಾಕಿದವು. ಲ್ಯಾಟಿಮರ್ ಮನೆಯ ದುಃಖಕ್ಕೆ ಜಾಗವೇ ಉಳಿಯಲಿಲ್ಲ. ಕೋರ್ಟ್ ದೃಶ್ಯಗಳಲ್ಲಿ ಮುಂದೆ ಸಾಕ್ಷಿ ಹೇಳಬೇಕಾದವರೇ ಗ್ಯಾಲರಿಯಲ್ಲಿ ಕೂತು ಕಲಾಪ ಕೇಳುತ್ತಾರೆ! ಬ್ರಿಟನ್ನಿನ ವಕೀಲರೇ ಇದನ್ನೆಲ್ಲ ಟೀಕಿಸಿದರು. ನಮ್ಮ ಸೆಷನ್ಸ್ ಕೋರ್ಟಿನಲ್ಲೂ ಒಬ್ಬರ ಸಾಕ್ಷಿ ನಡೆಯುವಾಗ ಇನ್ನೊಬ್ಬ ಸಾಕ್ಷಿಯನ್ನು ಹೊರಗೇ ಕೂರಿಸುತ್ತಾರೆ. ಕೊನೆಗೆ ಜೂರಿ ಜೋನನ್ನು ಬಿಟ್ಟುಬಿಡುತ್ತದೆ, ಊರಿನವರು ಅವನನ್ನು ಹೊರಗೆ ಹಾಕುತ್ತಾರೆ. ಮೊದಲ ಸೀಸನ್ ನೋಡಿ ಕಟ್ಟಿಕೊಂಡ ನಂಬಿಕೆಯನ್ನು ಎರಡನೆಯದು ಸಡಿಲ ಮಾಡಿತು.

ಮೂರನೆಯದು ಮತ್ತೆ ಸುಧಾರಿಸಿತು. ಅತ್ಯಾಚಾರಕ್ಕೆ ಒಳಗಾದ ಮಹಿಳೆಯ ವೈದ್ಯಕೀಯ ತಪಾಸಣೆಯನ್ನು ಅವಸರ ಮಾಡದೆ, ಅವಳ ಮರ್ಯಾದೆ ಕಾಯ್ದು ತೋರಿಸಿದ ರೀತಿಯನ್ನು ಕ್ರೈಂ ಸ್ಟೋರಿ ಮಾಡುವ ಪ್ರತಿಯೊಬ್ಬರೂ ನೋಡಬೇಕು. ಇನ್ನು, ರಿಮೇಕ್ ಹಕ್ಕು ಕೊಂಡುಬಿಡೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ ಒಂದು ಮಾತು. ಅಮೆರಿಕದ ಫಾಕ್ಸ್ ವಾಹಿನಿ 2014ರಲ್ಲಿ 'ಗ್ರೇಸ್‌ಪಾಯಿಂಟ್' ಹೆಸರಿನಲ್ಲಿ ರಿಮೇಕ್ ಮಾಡಿತು. ಅದೇ ಟೆನೆಂಟ್, ಅದೇ ಕಥೆ, ಹತ್ತು ಸಂಚಿಕೆ, ಅಂತ್ಯ ಮಾತ್ರ ಬದಲು. ಒಂದೇ ಸೀಸನ್ನಿಗೆ ನಿಂತಿತು.

ಆದ್ದರಿಂದ ದಯವಿಟ್ಟು ಮಲ್ಪೆ ಬೀಚಿನಲ್ಲಿ ಇದನ್ನೇ ಮತ್ತೆ ತೆಗೆಯಬೇಡಿ. ನಮ್ಮ ಕಾನೂನೇ ಬೇರೆ, ಅದರಿಂದ ಹುಟ್ಟುವ ಕಥೆಯೂ ಬೇರೆ. ನಮ್ಮಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತೆಯೇ ಇಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹಾಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಆರೋಪಿ ಹೇಳಿದ್ದರಿಂದ ಏನಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಪಟ್ಟ ಮಾತಿಗಷ್ಟೇ ಬೆಲೆ. ಮ್ಯಾಜಿಸ್ಟ್ರೇಟ್ ಮುಂದೆ ಒಪ್ಪಿಕೊಳ್ಳಬಹುದು, ಆದರೆ ಅವರು ಮೊದಲು ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಸಾಕ್ಷಿಯಾಗಬಹುದು ಅಂತ ಎಚ್ಚರಿಸಬೇಕು. ಅಂದಮೇಲೆ ಇನ್‌ಸ್ಪೆಕ್ಟರ್ ಎರಡು ಏಟು ಹಾಕಿದ, ಕೊಲೆಗಾರ ಒಪ್ಪಿಕೊಂಡ, ಕಥೆ ಮುಗಿಯಿತು ಅನ್ನುವ ಅಂತ್ಯಕ್ಕೆ ಅರ್ಥವೇ ಇಲ್ಲ. ಕಷ್ಟ ಶುರುವಾಗುವುದೇ ಅಲ್ಲಿಂದ.

ನಾನು ದಿನಾ ಟೈಪ್ ಮಾಡುವ ಕಾಗದಗಳಲ್ಲಿ ಎಂಥ ಕಥೆ ಇದೆ ಗೊತ್ತಾ? ಒಂದು ಮಚ್ಚು ಸಿಕ್ಕಿತು ಅಂದುಕೊಳ್ಳಿ. ಪಂಚರನ್ನು, ಅಂದರೆ ಅದನ್ನು ಕಣ್ಣಾರೆ ನೋಡಿ ಸಹಿ ಹಾಕುವ ಸಾಕ್ಷಿಗಳನ್ನು, ಕರೆಸಬೇಕು. ಮಹಜರು ಬರೆಯಬೇಕು. ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲು ಒತ್ತಿ, ಚೀಟಿ ಅಂಟಿಸಿ, ಪಂಚರ ಸಹಿ ಹಾಕಿಸಬೇಕು. ಆಮೇಲೆ ಅದು ಮಡಿವಾಳದ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಹೋಗಬೇಕು. ಸತ್ತವರ ಅಣ್ಣ, ಎದುರುಮನೆ ಆಂಟಿ, ಹಾಲಿನವನು ಎಲ್ಲರೂ ಚಾರ್ಜ್‌ಶೀಟಿನಲ್ಲಿ ಚಾ.ಸಾ. (ಚಾರ್ಜ್‌ಶೀಟ್ ಸಾಕ್ಷಿ) 1, ಚಾ.ಸಾ. 2 ಆಗುತ್ತಾರೆ. ವರ್ಷಗಳು ಕಳೆದು ಕೇಸು ವಿಚಾರಣೆಗೆ ಬಂದಾಗ ಪಂಚನೊಬ್ಬ ಬೋನಿನಲ್ಲಿ ನಿಂತು, ಸಹಿ ನನ್ನದೇ, ಆದರೆ ಸ್ಟೇಷನ್ನಿಗೆ ಕರೆಸಿ ಹಾಕಿಸಿಕೊಂಡರು, ನಾನು ಏನೂ ನೋಡಿಲ್ಲ ಅಂದುಬಿಡುತ್ತಾನೆ. ಸಾಕ್ಷಿ ತಿರುಗಿಬಿತ್ತು. ಯಾಕೆ ತಿರುಗಿದ? ಹೆದರಿಕೆಯಾ, ದುಡ್ಡಾ, ಅದೇ ಬೀದಿಯಲ್ಲಿ ಬದುಕಬೇಕಲ್ಲ ಅನ್ನುವ ಸಂಕಟವಾ, ಅಥವಾ ಅವನು ಹೇಳಿದ್ದೇ ನಿಜವಾ? ಒಂದು ಇಡೀ ಸಂಚಿಕೆಗೆ ಆಗುವಷ್ಟು ನಾಟಕ ಈ ಒಂದು ಸಹಿಯಲ್ಲಿದೆ. ಜೂರಿಯೂ ಬೇಡ, ಚಪ್ಪಾಳೆ ಗಿಟ್ಟಿಸುವ ಭಾಷಣವೂ ಬೇಡ.

ಜಾಗಕ್ಕೂ ಬರವಿಲ್ಲ. ಯಲಹಂಕವನ್ನೇ ತೆಗೆದುಕೊಳ್ಳಿ. ಒಂದು ಕಡೆ ಕೆಂಪೇಗೌಡರ ಮನೆತನದ ಕಾಲದ ಹಳೇ ಊರು, ಇನ್ನೊಂದು ಕಡೆ ಉಪನಗರ, ಸುತ್ತ ಹೊಸ ಅಪಾರ್ಟ್‌ಮೆಂಟು, ನಡುವೆ ಕೆರೆ. ಹಳೇ ಊರಿನಲ್ಲಿ ಯಾರ ಮನೆಗೆ ಯಾರು ಬಂದರು ಅನ್ನುವುದು ಎಲ್ಲರಿಗೂ ಗೊತ್ತು. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಫ್ಲಾಟಿನವರ ಹೆಸರೂ ಗೊತ್ತಿಲ್ಲ, ಆದರೆ ಲಿಫ್ಟಿನಲ್ಲಿ ಕ್ಯಾಮೆರಾ ಇದೆ. ಈ ಎರಡು ಬೆಂಗಳೂರುಗಳ ಮಧ್ಯೆ ಒಂದು ಕೊಲೆ ನಡೆದರೆ ಯಾರ ಮಾತನ್ನು ನಂಬಬೇಕು? ಬೆಳಗ್ಗೆ ಐದೂವರೆಗೆ ನಂದಿನಿ ಬೂತಿನಿಂದ ಒಬ್ಬ ಮನುಷ್ಯನ ಹಿಂದೆ ಕ್ಯಾಮೆರಾ ಹೊರಡಲಿ. ಹೂವು ಕಟ್ಟುವವರು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುವವನು, ಬೇಕರಿ ಬಾಗಿಲು ಎತ್ತುತ್ತಿರುವ ಹಾಸನದ ಹುಡುಗ, ರಾತ್ರಿ ಪಾಳಿ ಮುಗಿಸಿ ಕ್ಯಾಬಿನಿಂದ ಇಳಿಯುವ ಪಿಜಿ ಹುಡುಗಿ, ಇನ್ನೂ ಕುರ್ಚಿಯಲ್ಲೇ ಇರುವ ಸೆಕ್ಯುರಿಟಿ. ಮಲಯಾಳಿ, ಬಿಹಾರಿ, ಉತ್ತರ ಕರ್ನಾಟಕದವರು ಎಲ್ಲರೂ ಅಲ್ಲಿರುತ್ತಾರೆ. ಕೊಲೆಯಾದ ಮೇಲೆ ಅನುಮಾನ ಮೊದಲು ಯಾರ ಮೇಲೆ ಹೋಗುತ್ತದೆ, ಯಾರ ಮೇಲೆ ಹೋಗುವುದೇ ಇಲ್ಲ ಅನ್ನುವುದನ್ನು ಧೈರ್ಯವಾಗಿ ತೋರಿಸಿ. ಜ್ಯಾಕ್ ಮಾರ್ಷಲ್‌ಗಳು ಇಲ್ಲೂ ಇದ್ದಾರೆ.

ನಮ್ಮ ಜನ ಇಂಥದ್ದನ್ನೆಲ್ಲ ನೋಡಲ್ಲ ಅನ್ನಬೇಡಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ರಾತ್ರಿಯೆಲ್ಲ ಓದಿದ ನಾಡು ಇದು. ದೂರದರ್ಶನದಲ್ಲಿ 1985ರಲ್ಲಿ 'ಕರಮ್‌ಚಂದ್', 1993ರಲ್ಲಿ 'ಬ್ಯೋಮಕೇಶ್ ಬಕ್ಷಿ' ಬಂದಾಗ ಹಿಂದಿ ಅಷ್ಟಾಗಿ ಬಾರದ ಮನೆಗಳಲ್ಲೂ ನೋಡಿದರು. 2025ರಲ್ಲಿ ಒಟಿಟಿಯಲ್ಲಿ 'ಅಯ್ಯನ ಮನೆ'ಯಂಥ ಕಿರು ಸರಣಿ ಕನ್ನಡದಲ್ಲೇ ಬಂತು, ಸಂತೋಷ. ಆದರೆ ನಮ್ಮ ಅತ್ತೆಯವರ ಹತ್ತಿರ ಒಟಿಟಿ ಇಲ್ಲ, ಕೇಬಲ್ ಇದೆ. ಅವರಂಥವರು ರಾಜ್ಯದ ತುಂಬ ಇದ್ದಾರೆ. 'ಬ್ರಾಡ್‌ಚರ್ಚ್'ನ ಮೊದಲ ಸೀಸನ್ನನ್ನು ನಾನು ಕನ್ನಡದಲ್ಲಿ ವಿವರಿಸುತ್ತಾ ಅವರಿಗೆ ತೋರಿಸಿದೆ. ಶೂ ದೃಶ್ಯಕ್ಕೆ ಬಂದಾಗ ಅವರು ವಿವರಣೆ ನಿಲ್ಲಿಸು ಅಂದರು. ಐದನೇ ಸಂಚಿಕೆ ಹೊತ್ತಿಗೆ ಮಿಲ್ಲರ್‌ಳ ಗಂಡನ ಮೇಲೆ ಅನುಮಾನ ಅಂತ ಹೇಳಿದ್ದೂ ಅವರೇ. ಹೆಂಡತಿ ಹಗಲು ರಾತ್ರಿ ಅಲೆಯುತ್ತಿದ್ದರೂ ಅವನು ಒಂದು ದಿನವೂ ಗೊಣಗಲಿಲ್ಲವಲ್ಲ, ಅದಕ್ಕೆ ಅಂದರು. ಇಂಥ ನೋಡುಗರನ್ನು ಇಟ್ಟುಕೊಂಡು ನೀವು ಮೂರು ಸಲ ಝೂಮ್ ಮಾಡುವ ಅಗತ್ಯವಿಲ್ಲ.

ಆರು ದಿನದ ಧಾರಾವಾಹಿಗಳನ್ನು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಅದರಿಂದ ಎಷ್ಟೋ ಕಲಾವಿದರ, ಲೈಟ್‌ಬಾಯ್‌ಗಳ, ಮೇಕಪ್ ಮಾಡುವವರ ಮನೆ ನಡೆಯುತ್ತಿದೆ. ವಾರಕ್ಕೆ ಒಂದು ರಾತ್ರಿ ಬಿಟ್ಟುಕೊಡಿ, ಎರಡು ತಿಂಗಳ ಮಟ್ಟಿಗೆ. ಒಬ್ಬರೋ ಇಬ್ಬರೋ ಬರಹಗಾರರಿಗೆ ಪೂರ್ತಿ ಕಥೆ ಬರೆಯಲು ಸಮಯ ಮತ್ತು ಸಂಬಳ ಕೊಡಿ. ಎಂಟೂ ಸಂಚಿಕೆಯ ಸ್ಕ್ರಿಪ್ಟ್ ಕೈಗೆ ಬಂದ ಮೇಲೆಯೇ ಶೂಟಿಂಗ್ ಇಡಿ. ರೇಟಿಂಗ್ ಚೆನ್ನಾಗಿ ಬಂದರೂ ಒಂಬತ್ತನೇ ಸಂಚಿಕೆ ಬೇಡ. ಇನ್ನೊಂದು ಬೇಕಾದರೆ ಇನ್ನೊಂದು ಊರು, ಇನ್ನೊಂದು ಕಥೆ.

ಸ್ಕ್ರಿಪ್ಟನ್ನು ಚಿತ್ರೀಕರಣಕ್ಕೆ ಮೊದಲು ಒಬ್ಬ ನಿವೃತ್ತ ತನಿಖಾಧಿಕಾರಿಗೆ, ಒಬ್ಬ ಕ್ರಿಮಿನಲ್ ವಕೀಲರಿಗೆ ಓದಲು ಕೊಡಿ. ನಿಮ್ಮ ಬರಹಗಾರರನ್ನು ಒಂದು ವಾರ ಸೆಷನ್ಸ್ ಕೋರ್ಟಿಗೆ ಕಳಿಸಿ. ಸಾಮಾನ್ಯವಾಗಿ ಕಲಾಪ ಯಾರು ಬೇಕಾದರೂ ಕೂತು ನೋಡಬಹುದು. ಬೆಳಗ್ಗೆ ಹನ್ನೊಂದಕ್ಕೆ ಬಂದರೆ ಹಿಂದಿನ ಬೆಂಚಿನಲ್ಲಿ ಜಾಗ ಸಿಗುತ್ತದೆ.

ಇಂತಿ,
ಬೆಂಗಳೂರಿನ ಒಬ್ಬ ವೀಕ್ಷಕಿ